ಮೂವತ್ತು ಸಾವಿರ ಕಿಲೋಮೀಟರಿಗೊಮ್ಮೆ

ಊರಿಗೆಲ್ಲ ಅವಳು ನಾಜಲಕ್ಕ. ತಂದೆತಾಯಿ ಇಟ್ಟ ಹೆಸರು ಕಾಗದಪತ್ರಗಳಲ್ಲಿ ಬೆಚ್ಚಗೆ ಮಲಗಿದೆ, ಅದನ್ನು ಎಬ್ಬಿಸುವವರು ಯಾರೂ ಇಲ್ಲ. ಡೀಸೆಲ್ ಎಂಜಿನ್ನಿನ ಹೊಟ್ಟೆಯೊಳಕ್ಕೆ ಎಣ್ಣೆಯನ್ನು ಮಂಜಿನಷ್ಟು ಸಣ್ಣಗೆ ಚಿಮ್ಮಿಸುವ ಬೆರಳುದ್ದದ ಒಂದು ಉಕ್ಕಿನ ಭಾಗವಿದೆ. ಪುಸ್ತಕದವರು ಅದನ್ನು ಇಂಜೆಕ್ಟರ್ ಎನ್ನುತ್ತಾರೆ, ಕೈ ಕಪ್ಪು ಮಾಡಿಕೊಂಡವರು ನಾಜಲ್ ಎನ್ನುತ್ತಾರೆ. ಅದನ್ನು ಬಿಚ್ಚಿ, ತೊಳೆದು, ಒತ್ತಡ ನೋಡಿ, ಮತ್ತೆ ಕೂರಿಸುವುದರಲ್ಲೇ ಮೂವತ್ತು ವರ್ಷ ಕಳೆದವಳಿಗೆ ಇನ್ಯಾವ ಹೆಸರು ತಾನೇ ಒಪ್ಪೀತು?

ವಿದ್ಯೆ ಅಪ್ಪನದು. ಅಪ್ಪನಿಗೆ ಕೈ ನಡುಗಲು ಶುರುವಾದಾಗ ಅವಳಿಗೆ ಹತ್ತೊಂಬತ್ತು. ನಾಜಲ್ ಪರೀಕ್ಷಿಸುವ ಟೆಸ್ಟರಿನ ಹಿಡಿಯನ್ನು ಒಂದೇ ಸಮನೆ ಒತ್ತಬೇಕು. ನಡುಗುವ ಕೈ ಒತ್ತಿದರೆ ಗೇಜಿನ ಮುಳ್ಳೂ ನಡುಗುತ್ತದೆ. "ಒಂದು ವಾರ ನೀನು ಒತ್ತು ಮಗಳೇ, ಅಷ್ಟರಲ್ಲಿ ನನ್ನ ಕೈ ಸರಿಹೋಗುತ್ತೆ" ಎಂದ ಅಪ್ಪ. ಅಪ್ಪ ಹೋಗಿ ಹದಿನಾರು ವರ್ಷವಾಯಿತು, ಆ ಒಂದು ವಾರ ಇನ್ನೂ ಮುಗಿದಿಲ್ಲ. ನಡುವೆ ಸಂಬಂಧಗಳು ಬಂದವು. ಬಂದವರು ಅವಳ ಉಗುರಿನ ಸಂದಿಯ ಕಪ್ಪು ನೋಡಿದರು, ಕೊಟ್ಟ ನೀರು ಕುಡಿದರು, ಎದ್ದು ಹೋದರು. ತನಗೇನೂ ಬೇಸರವಿಲ್ಲವೆಂದು ಅವಳು ಎಲ್ಲರಿಗೂ ಹೇಳಿಕೊಂಡು ಓಡಾಡಿದಳು. ಬೇಸರವಿಲ್ಲದವರು ಅಷ್ಟೊಂದು ಹೇಳಿಕೊಳ್ಳುವುದಿಲ್ಲ ಎನ್ನುವುದು ಬೇರೆ ಮಾತು.

ವರ್ಕ್‌ಶಾಪು ಈಗ ಅವಳದೂ ತಮ್ಮನದೂ. ಎಂಜಿನ್ ಇಳಿಸುವುದು, ಗೇರ್‌ಬಾಕ್ಸ್ ಬಿಚ್ಚುವುದು ತಮ್ಮನ ಪಾಲು. ಅವನ ಬಾಯಿ ಸ್ಪಾನರಿಗಿಂತ ಹೆಚ್ಚು ತಿರುಗುತ್ತದೆ. ನಾಜಲ್, ಪಂಪು, ಕಂಪ್ರೆಷನ್ ಇವಳ ಪಾಲು. ಹಿಂದಿನ ಗೋಡೆಗೆ ಹೊಂದಿಕೊಂಡ ಸಣ್ಣ ಕೋಣೆಯಲ್ಲಿ ಒಂದು ಬೆಂಚು, ಅದರ ಮೇಲೆ ಟೆಸ್ಟರು, ಕಿಟಕಿಯ ಕೆಳಗೆ ಡೀಸೆಲ್ ತುಂಬಿದ ತಟ್ಟೆಗಳು. ಹಿಂಬಾಗಿಲು ತೆರೆದರೆ ಮನೆ. ಅಲ್ಲಿಂದ ತಮ್ಮನ ಹೆಂಡತಿ ಚಹಾ ತರುತ್ತಾಳೆ, ಚಹಾದ ಜೊತೆ ಎರಡು ಚುಚ್ಚುಮಾತನ್ನೂ ತರುತ್ತಾಳೆ.

ಅಪ್ಪ ಕಲಿಸಿದ ನಿಯಮಗಳಲ್ಲಿ ಎರಡನ್ನು ಅವಳು ಯಾವತ್ತೂ ಮೀರಿದವಳಲ್ಲ. ಪ್ರತಿ ನಾಜಲಿನ ಬುಡದಲ್ಲಿ ಒಂದು ತಾಮ್ರದ ವಾಷರ್ ಇರುತ್ತದೆ, ಎಂಜಿನ್ನಿನ ಒತ್ತಡ ಆಚೆ ಸೋರದಂತೆ ತಡೆಯುವುದು ಅದೇ. ಒಮ್ಮೆ ಒತ್ತಿ ಚಪ್ಪಟೆಯಾದದ್ದು ಮತ್ತೆ ಕೆಲಸಕ್ಕೆ ಬಾರದು, ಹೊಸದೇ ಹಾಕಬೇಕು. ಹಳೆಯದು ಕೆಲವೊಮ್ಮೆ ನಾಜಲಿನ ಜೊತೆ ಬಾರದೆ ಅದು ಕೂರುವ ಗುಂಡಿಯ ತಳದಲ್ಲೇ ಮಸಿಯೊಳಗೆ ಅಂಟಿ ಕೂತುಬಿಡುತ್ತದೆ. ಆದ್ದರಿಂದ ನಾಲ್ಕು ಹಳೆಯವು ತಟ್ಟೆಗೆ ಬಿದ್ದದ್ದನ್ನು ಎಣಿಸಿದ ಮೇಲೆಯೇ ನಾಲ್ಕು ಹೊಸವು ಒಳಗೆ ಹೋಗಬೇಕು. ಇದು ಒಂದನೆಯದು. ಎರಡನೆಯದು, ಬಿಗಿ ಮಾಡಿ ಮುಗಿದ ಮೇಲೆ ನಾಜಲಿಗೂ ಎಂಜಿನ್ ಹೆಡ್ಡಿಗೂ ಸೇರಿಸಿ ಬಣ್ಣದ ಒಂದು ಗೆರೆ ಎಳೆಯುವುದು. ಆಮೇಲೆ ಬೇರೆ ಯಾರಾದರೂ ಬಿಚ್ಚಿದರೆ ಗೆರೆ ಮುರಿಯುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ. ಅಪ್ಪ ಹಳದಿ ಪೇಂಟು ಬಳಸುತ್ತಿದ್ದ. ಅವಳು ಕೆಂಪು ನೈಲ್ ಪಾಲಿಶ್ ಬಳಸುತ್ತಾಳೆ. ಹದಿನೈದು ಸೀಸೆ ಖಾಲಿಯಾಗಿರಬಹುದು, ಉಗುರಿಗೆ ಒಂದು ಹನಿಯೂ ಹೋಗಿಲ್ಲ.

ಇನ್ನು ಡ್ರೈವರ್. ಹಳ್ಳಿಗಳ ಸಣ್ಣ ಆಸ್ಪತ್ರೆಗಳಿಂದ ರಕ್ತದ ಸ್ಯಾಂಪಲ್ಲುಗಳನ್ನು ಐಸ್ ಡಬ್ಬಿಯಲ್ಲಿಟ್ಟುಕೊಂಡು ಪಟ್ಟಣದ ಲ್ಯಾಬಿಗೆ ಮುಟ್ಟಿಸುವ ಕೆಲಸ ಅವನದು. ದಿನಕ್ಕೆ ನೂರಿಪ್ಪತ್ತು ಕಿಲೋಮೀಟರ್, ಹಳೆಯ ಬೂದುಬಣ್ಣದ ಡೀಸೆಲ್ ಕಾರು. ಹೆಂಡತಿ ತೀರಿಕೊಂಡ ಮೇಲೆ ತನ್ನ ಅಕ್ಕನ ಮನೆಯಲ್ಲಿದ್ದ. ಮಾತು ಕಡಿಮೆ. ಹನ್ನೊಂದು ವರ್ಷದ ಹಿಂದೆ ಮೊದಲ ಸಲ ಬಂದಾಗ ಬಾಗಿಲಲ್ಲಿ ನಿಂತು, "ನಾಜಲ್ ಮೇಸ್ತ್ರಿ ಇದ್ದಾರಾ?" ಎಂದು ಕೇಳಿದ್ದ. ಅವಳು "ನಾನೇ" ಎಂದಳು. ಇಂಥ ಹೊತ್ತಿನಲ್ಲಿ ಗಂಡಸರ ಮುಖದಲ್ಲಿ ಒಂದು ನಗೆ ಬರುತ್ತದೆ, ಅವಳಿಗೆ ಅದರ ಗುರುತು ಚೆನ್ನಾಗಿದೆ. ಇವನ ಮುಖದಲ್ಲಿ ಅದು ಬರಲಿಲ್ಲ. "ಹಾಗಾದ್ರೆ ಸ್ವಲ್ಪ ನೋಡಿ ಮೇಸ್ತ್ರಿ, ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಸತಾಯಿಸುತ್ತೆ" ಎಂದ. ಊರಿಗೆಲ್ಲ ಅಕ್ಕನಾದವಳು ಅವನೊಬ್ಬನಿಗೆ ಮೇಸ್ತ್ರಿಯಾದಳು. ಸಣ್ಣ ವಿಷಯವೇ. ಆದರೆ ಹಸಿದವರಿಗೆ ಅಗಳೂ ಊಟ.

ಅಂದು ಕೆಲಸ ಮುಗಿದು ಅವನು, "ಮತ್ತೆ ಯಾವಾಗ ತರಲಿ?" ಎಂದು ಕೇಳಿದಾಗ ಅವಳ ಬಾಯಿಂದ "ಮೂವತ್ತು ಸಾವಿರಕ್ಕೆ" ಎಂದು ಬಂದುಬಿಟ್ಟಿತು. ಪುಸ್ತಕದಲ್ಲಿ ಇದ್ದದ್ದು ಅರವತ್ತು ಸಾವಿರ. ದಿನಕ್ಕೆ ನೂರಿಪ್ಪತ್ತರಂತೆ, ರಜೆಗಳನ್ನು ಕಳೆದರೆ, ಮೂವತ್ತು ಸಾವಿರವೆಂದರೆ ಹತ್ತು ತಿಂಗಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ತಿಳಿಯದೇ? "ಬೇರೆ ಗಾಡಿಗೆಲ್ಲ ಅರವತ್ತು, ಆ ಗಾಡಿಗೆ ಮಾತ್ರ ಮೂವತ್ತು. ಅದಕ್ಕೇನು ವಿಶೇಷ ಕಾಯಿಲೆ ಅಕ್ಕಾ?" ಎಂದು ತಮ್ಮನ ಹೆಂಡತಿ ಚಹಾ ಲೋಟ ಇಡುತ್ತಾ ಕೇಳಿದ್ದಳು. "ಹಳೇ ಎಂಜಿನ್, ನೋಡ್ಕೊಳ್ತಾ ಇರಬೇಕು" ಎಂದು ಇವಳು ಗೇಜಿನತ್ತ ತಿರುಗಿದಳು.

ಹೀಗೆ ಹತ್ತು ತಿಂಗಳಿಗೊಮ್ಮೆ ಒಂದು ಮಧ್ಯಾಹ್ನ. ಹದಿಮೂರು ಸಲ ಬಂದ. ಅವನು ಹೊರಗಿನ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದ, ಅವಳು ಒಳಗೆ. ಎರಡು ಮಾತು ಆಸ್ಪತ್ರೆಯದು, ಎರಡು ಮಾತು ರಸ್ತೆಯದು. ಅವಳ ಕೈ ಚೆನ್ನಾಗಿದ್ದಷ್ಟೂ ಗಾಡಿ ಚೆನ್ನಾಗಿರುತ್ತಿತ್ತು, ಗಾಡಿ ಚೆನ್ನಾಗಿದ್ದಷ್ಟೂ ಅವನು ದೂರವಿರುತ್ತಿದ್ದ. ಕೆಲಸ ಕೆಡಿಸಿ ಕರೆಸಿಕೊಳ್ಳೋಣವೆಂದರೆ ಅಪ್ಪನ ಮಗಳಿಗೆ ಕೈ ಬರಲಿಲ್ಲ. ಅವಳಿಗೆ ಬೇಕಾದದ್ದು ಇಷ್ಟೇ: ಆ ಗಾಡಿ ಸಾಯಬಾರದು, ಅವನು ಬರುವುದು ನಿಲ್ಲಬಾರದು. ಇದಕ್ಕಿಂತ ಹೆಚ್ಚಿನದನ್ನು ಬಯಸಲು ಅವಳು ಯಾರ ಹತ್ತಿರ ಕಲಿತಿದ್ದಳು?

ಹದಿಮೂರನೆಯ ಸಲ ಮಾತ್ರ ಬೇರೆಯಾಗಿತ್ತು. ಅಂದು ಕರೆಂಟ್ ಇರಲಿಲ್ಲ. ತಮ್ಮ ಬಿಡಿಭಾಗ ತರಲು ಹೋಗಿದ್ದ. "ನಾನು ಟಾರ್ಚ್ ಹಿಡೀಲಾ ಮೇಸ್ತ್ರಿ?" ಎಂದು ಡ್ರೈವರ್ ಒಳಗೆ ಬಂದ. ಬಾನೆಟ್ಟಿನ ಕೆಳಗೆ ಇಬ್ಬರ ತಲೆಗಳೂ ಹತ್ತಿರ ಹತ್ತಿರ. ಬೆಳಕು ಅವಳ ಬೆರಳುಗಳ ಮೇಲಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವನು ಮೆಲ್ಲಗೆ, "ಇಷ್ಟು ವರ್ಷದಿಂದ ನೋಡ್ತಿದೀನಿ, ನಿಮ್ಮ ಕೈ ಒಂದು ದಿನನೂ ನಡುಗಲ್ವಲ್ಲ" ಎಂದ. ಇಷ್ಟು ವರ್ಷದಿಂದ ನೋಡುತ್ತಿದ್ದೇನೆ ಎಂದ! ನಾಜಲ್ ನೋಡಿದೆ ಎನ್ನಲಿಲ್ಲ, ಗಾಡಿ ನೋಡಿದೆ ಎನ್ನಲಿಲ್ಲ. ಅವಳು ತಟ್ಟೆಯತ್ತ ನೋಡಿ ಎಣಿಸಿದಳು, ಎಲ್ಲ ಸರಿಯಾಗಿದೆ ಎಂದುಕೊಂಡಳು, ಹೊಸ ವಾಷರುಗಳನ್ನು ಹಾಕಿ ಬಿಗಿ ಮಾಡಿ ಕೆಂಪು ಗೆರೆ ಎಳೆದಳು. ಅವನು ಹೋದ ಮೇಲೂ ಬಹಳ ಹೊತ್ತು ತನ್ನ ಕೈಗಳನ್ನೇ ನೋಡುತ್ತ ಕೂತಿದ್ದಳು.

ಆಮೇಲೆ ಹತ್ತು ತಿಂಗಳು ಕಳೆಯಿತು. ಅವನು ಬರಲಿಲ್ಲ. ಹನ್ನೆರಡಾಯಿತು, ಹದಿಮೂರಾಯಿತು. ಫೋನ್ ನಂಬರು ಗೋಡೆಯ ಹಲಗೆಯ ಮೇಲೇ ಇತ್ತು. ಮಾಡಿ ಏನೆಂದು ಹೇಳುವುದು? ಸರ್ವಿಸ್ ಟೈಮ್ ಆಯ್ತು ಎನ್ನೋಣವೆಂದರೆ ಆ ಟೈಮೇ ಸುಳ್ಳು. ಎರಡು ಸಲ ನಂಬರು ಒತ್ತಿದಳು, ರಿಂಗಾಗುವ ಮೊದಲೇ ನಿಲ್ಲಿಸಿದಳು. ಐವತ್ತು ದಾಟಲು ಒಂದೇ ವರ್ಷವಿದ್ದ ಹೆಂಗಸು ಮಾಡುವ ಕೆಲಸವೇ ಇದು ಎಂದು ತನ್ನನ್ನು ತಾನೇ ಬೈದುಕೊಂಡಳು.

ಹದಿನಾಲ್ಕನೆಯ ತಿಂಗಳಲ್ಲಿ ಒಂದು ಗುರುವಾರ ಬೆಳಿಗ್ಗೆ ಗಾಡಿ ಬಂತು. ಗಾಡಿಗಿಂತ ಮುಂಚೆ ಹೊಗೆ ಬಂತು.

"ಅಕ್ಕಾ, ಇದೇನು ಕಾರಾ, ಇಟ್ಟಿಗೆ ಗೂಡಾ?" ಎಂದು ತಮ್ಮ ಕೆಮ್ಮುತ್ತಾ ಎದ್ದ.

ಡ್ರೈವರ್ ಇಳಿದ. ಸೊರಗಿದ್ದ. ಗಡ್ಡದಲ್ಲಿ ಬಿಳಿ ಹೆಚ್ಚಾಗಿತ್ತು. "ಹೇಗಿದೀರಿ ಮೇಸ್ತ್ರಿ?" ಎಂದ. ಅವಳು "ಹ್ಞೂಂ" ಎಂದು ಬಾನೆಟ್ ಎತ್ತಿದಳು.

"ಮೂರು ಕಡೆ ತೋರಿಸಿದೆ," ಎಂದು ಅವನು ತಮ್ಮನಿಗೆ ಹೇಳತೊಡಗಿದ. "ಇಬ್ಬರು ಮೂರನೇ ಸಿಲಿಂಡರ್ ಕಂಪ್ರೆಷನ್ ಹೋಗಿದೆ, ಎಂಜಿನ್ ಕಥೆ ಮುಗೀತು ಅಂದ್ರು. ಒಬ್ಬ ನಾಜಲ್ ಬಿಚ್ಚಿ ನೋಡ್ತೀನಿ ಅಂದ. ಅದನ್ನ ಮಾತ್ರ ಮುಟ್ಟಬೇಡ ಅಂದೆ."

"ಯಾಕೆ? ಬಿಚ್ಚಿದ್ರೆ ಏನಾಗ್ತಿತ್ತು?"

"ಅದರ ಮೇಲೆ ಮೇಸ್ತ್ರಿ ಎಳೆದ ಗೆರೆ ಇತ್ತಲ್ಲಪ್ಪ."

ಉಳಿದದ್ದನ್ನೂ ಅವನೇ ಹೇಳಿದ. ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಗಾಡಿ ಸ್ಟಾರ್ಟ್ ಆಗುತ್ತಿರಲಿಲ್ಲ. ಸ್ಯಾಂಪಲ್ಲುಗಳು ತಡವಾದವು, ಐಸ್ ಕರಗಿತು. ಲ್ಯಾಬಿನವರು ನಾಲ್ಕು ಸಲ ಸುಮ್ಮನಿದ್ದು ಐದನೆಯ ಸಲ ಬೇರೆ ಗಾಡಿ ಮಾಡಿಕೊಂಡರು. ಈಗ ದೂರದ ಊರಿನಲ್ಲಿ ಕೆಲಸ ಸಿಕ್ಕಿದೆ, ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿಯ ದಾರಿ. ಸೋಮವಾರ ಹೊರಡಬೇಕು. "ಅಲ್ಲಿ ಎಲ್ಲ ಕರೆಂಟ್ ಗಾಡಿ. ನಾಜಲ್ಲೂ ಇಲ್ಲ, ಹೊಗೆನೂ ಇಲ್ಲ" ಎಂದು ನಗಲು ನೋಡಿದ. "ಈ ಗಾಡಿನ ನಮ್ಮಕ್ಕನ ಮಗ ಕೇಳ್ತಿದಾನೆ. ಎಂಜಿನ್ ನಿಜವಾಗ್ಲೂ ಹೋಗಿದ್ರೆ ಅವನ ಕೊರಳಿಗೆ ಯಾಕೆ ಕಟ್ಟಲಿ, ಗುಜರಿಗೆ ಹಾಕಿಬಿಡ್ತೀನಿ. ನೀವು ನೋಡಿ ಹೇಳಿಬಿಡಿ ಮೇಸ್ತ್ರಿ. ನಿಮ್ಮ ಮಾತೇ ಕೊನೆ."

ಅವಳು ಗೇಜಿನ ಪೆಟ್ಟಿಗೆ ತೆಗೆದಳು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಕೊಡುವ ಪ್ಲಗ್ ಇಲ್ಲ. ಪಿಸ್ಟನ್ ಒತ್ತಿದ ಗಾಳಿಯ ಕಾವಿಗೇ ಎಣ್ಣೆ ಹೊತ್ತಿಕೊಳ್ಳಬೇಕು. ಆ ಒತ್ತುವ ಬಲವೇ ಕಂಪ್ರೆಷನ್. ಎಂಜಿನ್ ಬಿಸಿಯಾಗಿರುವಾಗಲೇ ಚಳಿಯಲ್ಲಿ ಸಿಲಿಂಡರ್ ಬೆಚ್ಚಗಾಗಿಸುವ ಹೀಟರ್ ಪ್ಲಗ್ಗುಗಳನ್ನು ಬಿಚ್ಚಿ, ಎಣ್ಣೆ ಬಾರದಂತೆ ಪಂಪಿನ ವೈರು ತೆಗೆದು, ಒಂದನೆಯ ಪ್ಲಗ್ಗಿನ ಗುಂಡಿಗೆ ಗೇಜ್ ತಿರುಗಿಸಿದಳು. ತಮ್ಮ ಕೀಲಿ ತಿರುಗಿಸಿ ಸೆಲ್ಫ್ ಹೊಡೆದ. ಮುಳ್ಳು ಹಂತಹಂತವಾಗಿ ಏರಿ ಇಪ್ಪತ್ತೆಂಟಕ್ಕೆ ನಿಂತಿತು. ಎರಡನೆಯದು ಇಪ್ಪತ್ತೇಳು. ನಾಲ್ಕನೆಯದು ಇಪ್ಪತ್ತೆಂಟು. ಮೂರನೆಯದನ್ನು ಅವಳು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದಳು. ಅದು ಹದಿನಾರರ ಮೇಲೆ ಏರಲಿಲ್ಲ.

"ಮುಗೀತು, ರಿಂಗು ಹೋಗಿದೆ" ಎಂದು ತಮ್ಮ ಕೈ ಒರೆಸಿಕೊಂಡ.

"ಸುಮ್ನಿರೋ. ನಿನಗೆ ಎಲ್ಲದಕ್ಕೂ ಅವಸರ." ಅವಳು ಮೂರನೆಯ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟಳು. ಪಿಸ್ಟನ್ನಿನ ಸುತ್ತಲಿನ ರಿಂಗು ಸವೆದಿದ್ದರೆ ಆಯಿಲ್ ಆ ಸಂದಿಯನ್ನು ಮುಚ್ಚಿ ಮುಳ್ಳು ಏರಬೇಕು. ಮತ್ತೆ ಸೆಲ್ಫ್. ಮತ್ತೆ ಹದಿನಾರು. ರಿಂಗಲ್ಲ! ಅವಳ ಎದೆ ಹಗುರವಾಯಿತು. ಹಾಗಾದರೆ ಗಾಳಿ ಎಲ್ಲಿಂದ ಹೋಗುತ್ತಿದೆ? ಮೂರನೆಯ ನಾಜಲಿನ ಬುಡಕ್ಕೆ ಸ್ವಲ್ಪ ಡೀಸೆಲ್ ಸುರಿದು, "ಇನ್ನೊಂದು ಸಲ ಹೊಡಿ" ಎಂದಳು. ಸೆಲ್ಫ್ ತಿರುಗುತ್ತಿದ್ದಂತೆ ಆ ಡೀಸೆಲಿನಲ್ಲಿ ಗುಳ್ಳೆಗಳು ಪುಟಪುಟನೆ ಎದ್ದವು.

ಯಾವನೋ ಅಡ್ಡಕಸುಬಿ ಮುಟ್ಟಿದ್ದಾನೆ ಎಂದುಕೊಂಡಳು. ಡ್ರೈವರ್ ಬೇಡವೆಂದರೂ ಆ ಮೂರು ಕಡೆಯಲ್ಲಿ ಒಬ್ಬ ಕೈ ಹಾಕಿಯೇ ಇರಬೇಕು. ಮಸಿ ಒರೆಸಿ ನೋಡಿದಳು. ಕೆಂಪು ಗೆರೆ ಇತ್ತು. ನಾಜಲಿನಿಂದ ಹೆಡ್ಡಿಗೆ ನೇರವಾಗಿ, ಕೂದಲಿನಷ್ಟೂ ಮುರಿಯದೆ ಇತ್ತು.

"ನೀವಿಬ್ರೂ ಹೊರಗಡೆ ಕೂತಿರಿ" ಎಂದಳು.

ನಾಜಲ್ ಬಿಚ್ಚಿದಳು. ಅದರ ಬುಡದಲ್ಲಿ ಒಂದು ವಾಷರ್ ಅಂಟಿಕೊಂಡು ಬಂತು. ಟಾರ್ಚ್ ಹಾಕಿ ಗುಂಡಿಯೊಳಗೆ ಇಣುಕಿದಳು. ತಳದಲ್ಲಿ ಮಸಿಯ ನಡುವೆ ಸಣ್ಣದೊಂದು ಅಂಚು ಮಿನುಗಿತು. ಕೊಕ್ಕೆತಂತಿ ಇಳಿಸಿ, ಮೆಲ್ಲಗೆ ತಿರುಚಿ ಎಳೆದಳು. ಇನ್ನೊಂದು ವಾಷರ್. ಹದಿನಾಲ್ಕು ತಿಂಗಳ ಹಿಂದೆ ಹೊರಗೆ ಬರಬೇಕಾಗಿದ್ದದ್ದು. ಅದರ ಮೇಲೆಯೇ ಅವಳು ಹೊಸದನ್ನು ಕೂರಿಸಿದ್ದಳು. ಎರಡೂ ಸರಿಯಾಗಿ ಕೂರದೆ, ದಿನಗಳೆದಂತೆ ನಡುವೆ ಒತ್ತಡ ದಾರಿ ಮಾಡಿಕೊಂಡಿತ್ತು. ತಟ್ಟೆಯಲ್ಲಿ ಅಂದು ಇದ್ದದ್ದು ಮೂರೇ. ಅವಳ ಕಣ್ಣು ಮೂರು ನೋಡಿತ್ತು, ಮನಸ್ಸು ನಾಲ್ಕು ಎಂದಿತ್ತು. ಆ ಹೊತ್ತಿಗೆ ಮನಸ್ಸು ಅಲ್ಲಿದ್ದರೆ ತಾನೇ!

ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ನಿಂತಳು. ಅವನ ಕೆಲಸ ಹೋದದ್ದು ಇದರಿಂದ. ಅವನು ಊರು ಬಿಡುತ್ತಿರುವುದು ಇದರಿಂದ. ಅವನು ಬರುವುದು ನಿಲ್ಲಬಾರದೆಂದು ಹನ್ನೊಂದು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದವಳು ತನ್ನ ಕೈಯಾರೆ ಅವನನ್ನು ಕಳಿಸಿಕೊಟ್ಟಿದ್ದಳು. ಅವಳಿಗೆ ಅಳು ಬಂತು, ಮೋರೆ ಒರೆಸಿಕೊಳ್ಳಲು ಹೋಗಿ ಮಸಿ ಬಳಿದುಕೊಂಡಳು.

ಚಹಾ ತಂದ ತಮ್ಮನ ಹೆಂಡತಿ ಬಾಗಿಲಲ್ಲೇ ನಿಂತಳು. ಅಂಗೈ ನೋಡಿದಳು, ಮೋರೆ ನೋಡಿದಳು. ಇಪ್ಪತ್ತು ವರ್ಷ ಈ ಮನೆಯಲ್ಲಿದ್ದವಳಿಗೆ ಎರಡು ವಾಷರಿನ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ದಿನ ಮಾತ್ರ ಅವಳು ಚುಚ್ಚಲಿಲ್ಲ.

"ಒಂದನ್ನ ಬಿಸಾಕಿಬಿಡಿ ಅಕ್ಕಾ," ಎಂದಳು ಮೆತ್ತಗೆ. "ಹೊಸದು ಹಾಕಿ ಸ್ಟಾರ್ಟ್ ಮಾಡಿ ಕೊಡಿ. ಎಲ್ಲರೂ ಸತ್ತೋಯ್ತು ಅಂದಿದ್ದನ್ನ ಬದುಕಿಸಿದ್ರು ಅಂತ ಹೊಗಳಿಕೊಂಡು ಹೋಗ್ತಾರೆ. ಹೋಗೋರು ಹೇಗೂ ಹೋಗ್ತಾರೆ. ಒಳ್ಳೆ ಹೆಸರಾದ್ರೂ ಇಟ್ಕೊಂಡು ಹೋಗಲಿ."

ಮಾತು ತಪ್ಪಾಗಿರಲಿಲ್ಲ. ನಾಜಲಕ್ಕ ಒಂದು ವಾಷರನ್ನು ಜೇಬಿಗೆ ಹಾಕಿಯೂ ಹಾಕಿದಳು. ನಾಜಲನ್ನು ಬೆಂಚಿಗೆ ಒಯ್ದು, ಹಿತ್ತಾಳೆ ಬ್ರಷ್ಷಿನಿಂದ ಮಸಿ ಉಜ್ಜಿ, ಟೆಸ್ಟರಿಗೆ ಕಟ್ಟಿ ಹಿಡಿ ಒತ್ತಿದಳು. ಎಣ್ಣೆ ಸಣ್ಣಗೆ ಹರಡಿ ಚಿಮ್ಮುವ ಬದಲು ತುದಿಯಲ್ಲಿ ಹನಿ ಕಟ್ಟಿ ತೊಟ್ಟಿಕ್ಕಿತು. ಬಿಚ್ಚಿ, ಒಳಗಿನ ಸೂಜಿಯನ್ನು ತೊಳೆದು, ಮತ್ತೆ ಕಟ್ಟಿದಳು. ಈ ಸಲ ಇಸ್ತ್ರಿಯವನು ಬಟ್ಟೆಗೆ ನೀರು ಚಿಮುಕಿಸಿದ ಹಾಗೆ ಸಮನಾಗಿ ಹರಡಿತು. ಮುಳ್ಳು ಸರಿಯಾದ ಕಡೆಗೇ ಬಂತು. ಆದರೆ ಅಲ್ಲಿ ನಿಲ್ಲದೆ ನಡುಗಿತು, ಅಪ್ಪ ಹಿಡಿ ಒತ್ತಿದಾಗ ನಡುಗುತ್ತಿದ್ದ ಹಾಗೆ.

ಬಿಚ್ಚಲು ಬಂದವನನ್ನು ತಡೆದು ಅವನು ಉಳಿಸಿಕೊಂಡಿದ್ದ ಗೆರೆ ಅದು. ಆ ನಂಬಿಕೆಯನ್ನು ಸುಳ್ಳಿನ ಮೇಲೆ ಇಟ್ಟುಕೊಂಡು ಉಳಿದ ಆಯುಷ್ಯ ಹೇಗೆ ಕಳೆಯುವುದು? ಅವಳು ಎದ್ದು ಹೊರಗೆ ಹೋದಳು. ತಮ್ಮ ಪಕ್ಕದ ಗಾಡಿಯ ಕೆಳಗಿದ್ದ. ಡ್ರೈವರ್ ಕಲ್ಲುಬೆಂಚಿನ ಮೇಲೆ ಒಬ್ಬನೇ ಇದ್ದ. ಜೇಬಿನಲ್ಲಿದ್ದ ವಾಷರನ್ನೂ ತೆಗೆದು ಅವನೆದುರು ಅಂಗೈ ಬಿಚ್ಚಿದಳು.

"ಎಂಜಿನ್‌ಗೆ ಏನೂ ಆಗಿಲ್ಲ. ಹಳೇ ವಾಷರ್ ತೆಗೀದೆ ಅದರ ಮೇಲೇ ಹೊಸದು ಹಾಕಿದೀನಿ. ತಪ್ಪು ನಂದು. ನಿಮ್ಮ ಕೆಲಸ ಹೋಗಿದ್ದು ನನ್ನಿಂದ."

ಅವನು ಎರಡು ವಾಷರುಗಳನ್ನೂ ಬೆರಳಿನಿಂದ ಮುಟ್ಟಿ ನೋಡಿದ. "ಟಾರ್ಚ್ ಹಿಡಿದಿದ್ದು ನಾನೇ ಅಲ್ವಾ? ಬೆಳಕು ಸರಿಯಾಗಿ ಬಿಡಲಿಲ್ಲ ಅನ್ಸುತ್ತೆ."

"ಬೆಳಕು ಸರಿಯಾಗೇ ಇತ್ತು. ನನ್ನ ಗಮನ ಕೆಲಸದ ಮೇಲಿರಲಿಲ್ಲ." ಅಂಗೈ ಮುಚ್ಚಿ ಅವಳು ಮುಗಿಸಿದಳು, "ನಿಮ್ಮ ಮೇಲಿತ್ತು."

ಅವನು ತಲೆ ಎತ್ತಲಿಲ್ಲ. "ಒಂದು ತಿಂಗಳಿಗೇ ಹೊಗೆ ಶುರುವಾಗಿತ್ತು ಮೇಸ್ತ್ರಿ. ಅವತ್ತೇ ಬರಬಹುದಿತ್ತು."

"ಮತ್ತೆ ಯಾಕೆ ಬರಲಿಲ್ಲ?"

"ನಿಮ್ಮ ಕೈ ಕೆಲಸದ ಮೇಲೆ ಕಂಪ್ಲೇಂಟ್ ತಗೊಂಡು ಬರಬೇಕಾಗ್ತಿತ್ತಲ್ಲ. ನೀವು ನೊಂದ್ಕೊಳ್ತೀರಿ ಅಂತ... ಮನಸ್ಸಾಗಲಿಲ್ಲ."

ಹದಿನಾಲ್ಕು ತಿಂಗಳು! ಒಬ್ಬಳು ಫೋನ್ ಮಾಡಲು ಕಾರಣ ಹುಡುಕುತ್ತಾ ಕೂತಿದ್ದಳು, ಇನ್ನೊಬ್ಬ ಕೈಯಲ್ಲಿದ್ದ ಕಾರಣವನ್ನು ನುಂಗಿಕೊಂಡು ಹೊಗೆ ಕುಡಿಯುತ್ತಾ ಕೂತಿದ್ದ. ಇಂಥವರಿಗೆ ಯಾರು ಬುದ್ಧಿ ಹೇಳುವುದು, ಹೇಳಿದರೂ ಯಾವ ವಯಸ್ಸಿಗೆ?

ಉಳಿದ ಮೂರನ್ನೂ ಬಿಚ್ಚಿ, ನಾಲ್ಕಕ್ಕೂ ಹೊಸ ವಾಷರ್ ಹಾಕಿದಳು. ಹಳೆಯವನ್ನು ಅವನ ಎದುರೇ ಬಾಯಿಬಿಟ್ಟು ಎಣಿಸಿದಳು, ಐದು. ಮೂರನೆಯದರ ಕಂಪ್ರೆಷನ್ ಇಪ್ಪತ್ತೇಳಕ್ಕೆ ಬಂತು. ತಮ್ಮ ಸೆಲ್ಫ್ ಹೊಡೆದ ಮೊದಲ ಸಲಕ್ಕೇ ಎಂಜಿನ್ ಹಿಡಿಯಿತು. ಒಂದು ಗುಕ್ಕು ಬಿಳಿ ಹೊಗೆ ಬಂದು ಆಮೇಲೆ ಏನೂ ಇಲ್ಲ. ಅವಳು ಬಾನೆಟ್ ಮುಚ್ಚಲು ಹೋದಾಗ ಡ್ರೈವರ್ ತಡೆದ. "ಗೆರೆ ಎಳೆಯೋದು ಮರೆತ್ರಲ್ಲ" ಎಂದ. ಅವಳು ಸೀಸೆ ತಂದು ನಾಲ್ಕಕ್ಕೂ ಎಳೆದಳು. ಗೆರೆಗಳು ಸೊಟ್ಟಗಾದವು.

ಅವನು ಸ್ಟೀರಿಂಗ್ ಮುಂದೆ ಕೂತು ಬಾಗಿಲು ಎಳೆದುಕೊಂಡ. ಇನ್ನು ಈ ಗಾಡಿ ಅಕ್ಕನ ಮಗನದು. ಇನ್ನು ಮೂವತ್ತು ಸಾವಿರವಾದರೂ ಅರವತ್ತು ಸಾವಿರವಾದರೂ ಬರುವವನು ಬೇರೆಯವನು. ಅವಳು ಕಿಟಕಿಯ ಅಂಚನ್ನು ಹಿಡಿದುಕೊಂಡಳು.

"ಗಾಡಿ ಕೆಟ್ರೆ ಮಾತ್ರ ಬರಬೇಕು ಅಂತೇನಿಲ್ಲ" ಎಂದಳು.

ಅವನು ಅವಳ ಮುಖ ನೋಡಿದ. ಐವತ್ತೈದು ದಾಟಿದ ಗಂಡಸು ಶಾಲೆಯ ಹುಡುಗನ ಹಾಗೆ ಕೇಳಿದ, "ಹಾಗೂ ಬರಬಹುದಾ?"

"ಹನ್ನೊಂದು ವರ್ಷದಿಂದ ಬರಬಹುದಿತ್ತು."

ಅವನು ತಲೆಯಾಡಿಸಿ ಗೇರ್ ಹಾಕಿದ. ಸೋಮವಾರ ಊರು ಬಿಟ್ಟ. ಐದು ತಿಂಗಳಾಗಿದೆ. ಎರಡು ಸಲ ಫೋನ್ ಬಂದಿದೆ. ಕೆಲಸ ಹೊಸದು, ರಜೆ ಇನ್ನೂ ಕೊಟ್ಟಿಲ್ಲ, ಕೊಟ್ಟ ದಿನ ಬಸ್ಸು ಹತ್ತುತ್ತೇನೆ ಎಂದಿದ್ದಾನೆ. ನಾಜಲಕ್ಕ ಬೆಂಚನ್ನು ರಸ್ತೆ ಕಾಣುವ ಕಿಟಕಿಯ ಪಕ್ಕಕ್ಕೆ ಎಳೆದುಕೊಂಡಿದ್ದಾಳೆ. ಬೆಳಕು ಚೆನ್ನಾಗಿ ಬರುತ್ತೆ ಎಂದು ತಮ್ಮನಿಗೆ ಹೇಳಿದ್ದಾಳೆ. ಅಲ್ಲಿ ಕೂತು ಅವಳು ಈಗ ಬಂದು ನಿಲ್ಲುವ ಗಾಡಿಗಳನ್ನು ನೋಡುವುದಿಲ್ಲ, ಬಸ್ ಸ್ಟಾಪಿನ ಕಡೆಯಿಂದ ನಡೆದು ಬರುವವರ ಮುಖ ನೋಡುತ್ತಾಳೆ.